ವೈಲ್ಡ್ ಏಂಜೆಲ್ ಮರಿಗಳು ಮೊದಲ ವಾರದಲ್ಲೇ ಏಕೆ ಸಾಯುತ್ತವೆ?

"ಅಷ್ಟು ದುಡ್ಡು ಕೊಟ್ಟು ವೈಲ್ಡ್ ಏಂಜೆಲ್ ಮರಿಗಳನ್ನು ತಂದೆ. ಮೊದಲ ದಿನವೇ ಔಷಧ ಹಾಕಿ ಕ್ವಾರಂಟೈನ್ ಶುರು ಮಾಡಿದೆ. ಆದರೂ ವಾರದೊಳಗೆ ಅರ್ಧ ಹೋದವು. ಯಾವ ಔಷಧ ಹಾಕಬೇಕಿತ್ತು?"

ಎಲ್ಲರೂ ಕೇಳುವ ಪ್ರಶ್ನೆ ಇದು. ವೈಲ್ಡ್ ಏಂಜೆಲ್ ಎಂದರೆ ಫಾರ್ಮ್‌ನಲ್ಲಿ ಮರಿಮಾಡಿಸದೆ ನದಿಯಿಂದಲೇ ಹಿಡಿದು ತಂದ ಏಂಜೆಲ್ ಮೀನು. ನನ್ನ ಉತ್ತರ: ಮೊದಲ ವಾರ ಯಾವುದನ್ನೂ ಹಾಕಬಾರದಿತ್ತು. ಬಂದ ಹೊಸತರಲ್ಲಿ ಸಾಯುವ ಮರಿಗಳಲ್ಲಿ ಹೆಚ್ಚಿನವನ್ನು ಕೊಲ್ಲುವುದು ನೀರು ಮತ್ತು ಹಸಿವು. ಹುಳ, ಪರೋಪಜೀವಿಗಳ ಸರದಿ ಬರುವುದು ಆಮೇಲೆ.

ಈ ಮೀನುಗಳು ಎಲ್ಲಿಂದ ಬರುತ್ತವೆ ನೋಡಿ. ಬ್ರೆಜಿಲ್‌ನ ರಿಯೊ ನೀಗ್ರೊ ನದಿಯ ನೀರು ಕಡು ಡಿಕಾಕ್ಷನ್ ಬಣ್ಣದ್ದು. ಪಿಎಚ್ 4ರಿಂದ 5ರ ಆಸುಪಾಸು, ಕರಗಿದ ಲವಣ ಇಲ್ಲವೆನ್ನುವಷ್ಟು ಕಡಿಮೆ. ಎತ್ತರದ ರೆಕ್ಕೆಗಳ ಆಲ್ಟಮ್ ಏಂಜೆಲ್‌ಗಳು ಸಿಗುವ, ಓರಿನೋಕೊ ಕಣಿವೆಯ ಅಟಬಾಪೊ, ಇನಿರಿಡಾ ನದಿಗಳದ್ದೂ ಅಂಥದೇ ಮೆದು ನೀರು. ರಿಯೊ ನೀಗ್ರೊದಲ್ಲಿ ಹಿಡಿದ ಮೀನು ಬಾರ್ಸೆಲೋಸ್‌ನಿಂದ ದೋಣಿಯಲ್ಲಿ ಮನೌಸ್‌ಗೆ, ಅಲ್ಲಿಂದ ವಿಮಾನಕ್ಕೆ. ಚೀಲದ ನೀರು ಕೆಡಬಾರದೆಂದು ಸಾಗಿಸುವ ಮೊದಲು ಉಪವಾಸ ಕೆಡವುತ್ತಾರೆ. ನಮ್ಮ ಕೈಗೆ ಬರುವ ಹೊತ್ತಿಗೆ ಮರಿ ದಣಿದು, ಹೊಟ್ಟೆ ಒಳಕ್ಕೆ ಹೋಗಿರುತ್ತದೆ.

ಹಾಗಾಗಿ ಮೀನು ತರುವುದಕ್ಕಿಂತ ಒಂದೂವರೆ ತಿಂಗಳು ಮೊದಲೇ ಎರಡು ಸ್ಪಾಂಜ್ ಫಿಲ್ಟರ್‌ಗಳನ್ನು, ರೋಗವಿಲ್ಲದೆ ಚೆನ್ನಾಗಿ ನಡೆಯುತ್ತಿರುವ ಹಳೆಯ ಟ್ಯಾಂಕ್‌ನಲ್ಲಿ ಓಡಲು ಬಿಡಿ; ಮೀನಿನ ಅಮೋನಿಯವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಅವುಗಳಲ್ಲಿ ಬೆಳೆಯಬೇಕು. ನಾಣ್ಯದಗಲದ ಆರೆಂಟು ಮರಿಗಳಿಗೆ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಸಾಕು. ಸುಮಾರು 115 ಲೀಟರ್ ನೀರು ಹಿಡಿಯುತ್ತದೆ. ತಳಕ್ಕೆ ಮರಳು, ಜಲ್ಲಿ ಏನೂ ಬೇಡ. ಹಿಕ್ಕೆ ಕಣ್ಣಿಗೆ ಕಾಣಬೇಕು, ಸೈಫನ್‌ಗೆ ಸಿಗಬೇಕು. ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ, ಮರೆಗೆ ಒಂದೆರಡು ಪಿವಿಸಿ ಪೈಪ್ ತುಂಡು ನಿಲ್ಲಿಸಿ. 150ರಿಂದ 200 ವ್ಯಾಟ್‌ನ ಹೀಟರ್‌ನಲ್ಲಿ 28-29 ಡಿಗ್ರಿ ಇಡಿ, ಆಲ್ಟಮ್‌ಗೆ ಒಂದು ಡಿಗ್ರಿ ಹೆಚ್ಚು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ, ಕರೆಂಟ್ ಹೋದಾಗಲೂ ನಡೆಯುವ ಬ್ಯಾಟರಿ ಏರ್ ಪಂಪ್ ಇರಲೇಬೇಕು.

ನೀರಿನ ವಿಷಯಕ್ಕೆ ಬಂದರೆ, ಮಾರುವವರ ಟ್ಯಾಂಕ್‌ನ ಪಿಎಚ್ ಮತ್ತು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಎಷ್ಟೆಂದು ಹಿಂದಿನ ದಿನವೇ ಕೇಳಿಕೊಂಡು ನಿಮ್ಮ ನೀರನ್ನು ಅಲ್ಲಿಗೆ ತಂದಿಡಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಆರ್‌ಓ ನೀರಿಲ್ಲದೆ ಈ ಕೆಲಸ ಆಗದು. ಮನೆಯ ಪ್ಯೂರಿಫೈಯರ್‌ನಲ್ಲಿ ಟಿಡಿಎಸ್ ಕಂಟ್ರೋಲರ್ ಇದ್ದರೆ ಅದು ಆರ್‌ಓ ಆಗದ ನೀರನ್ನೂ ಬೆರೆಸುತ್ತದೆ; ಮೀಟರ್ ಅದ್ದಿ ನೋಡದೆ ನಂಬಬೇಡಿ. ನಲ್ಲಿ ನೀರು ಬೆರೆಸುವುದಾದರೆ ಮೊದಲು ಕ್ಲೋರಿನ್ ತೆಗೆಯಿರಿ. ನಮ್ಮ ಬೀದಿಗಳಲ್ಲಿ ಕೊಡೆಯಂತೆ ಹರಡಿ ನಿಲ್ಲುವ ಕಾಡುಬಾದಾಮಿ ಮರದಿಂದ ತಾನಾಗಿ ಉದುರಿ ಒಣಗಿದ ಎಲೆಗಳನ್ನು ತೊಳೆದು, 50 ಲೀಟರ್‌ಗೆ ಅಂಗೈಯಗಲದ ಒಂದರಂತೆ ಹಾಕಿ. ನೀರಿಗೆ ಕಂದು ಬಣ್ಣ ಬರುತ್ತದೆ, ಮರಿಗಳ ಗಾಬರಿ ಇಳಿಯುತ್ತದೆ. ಗಡಸು ನೀರಿನ ಪಿಎಚ್ ಮಾತ್ರ ಎಲೆಯಿಂದ ಇಳಿಯುವುದಿಲ್ಲ.

ಚೀಲ ಬಿಚ್ಚುವ ಹೊತ್ತು ಬಹಳ ಜನ ಎಡವುವ ಜಾಗ. ದೂರದಿಂದ ಬಂದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಜೊತೆಗೆ ಅಮೋನಿಯವೂ ಸೇರಿರುತ್ತದೆ. ಆದರೆ ಪಿಎಚ್ ಕಡಿಮೆಯಿರುವಾಗ ಅದು ಅಮೋನಿಯಂ ರೂಪದಲ್ಲಿದ್ದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಚೀಲ ಬಿಚ್ಚಿದೊಡನೆ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ. ಪಿಎಚ್ ಒಂದು ಅಂಕಿ ಏರಿದರೆ ವಿಷದ ಅಮೋನಿಯದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಅದೇ ನೀರಿನಲ್ಲಿ ಮರಿಗಳನ್ನಿಟ್ಟು ಎರಡು ಗಂಟೆ ಹನಿ ಹನಿಯಾಗಿ ಹೊಸ ನೀರು ಬಿಡುವುದೆಂದರೆ ಅವುಗಳ ಕಿವಿರು ಸುಟ್ಟಂತೆ. ಚೀಲವನ್ನು ಮುಚ್ಚಿದಂತೆಯೇ 20 ನಿಮಿಷ ತೇಲಿಬಿಟ್ಟು ಉಷ್ಣತೆ ಸರಿಮಾಡಿ, ಬಿಚ್ಚಿ, ಮರಿಗಳನ್ನು ಮಾತ್ರ ಎತ್ತಿ ಟ್ಯಾಂಕ್‌ಗೆ ಬಿಡಿ. ಚೀಲದ ನೀರು ಟ್ಯಾಂಕ್‌ಗೆ ಬೀಳಬಾರದು. ಆ ದಿನ ಲೈಟ್ ಹಾಕಬೇಡಿ.

ಇದೇ ಲೆಕ್ಕ ಮುಂದೆಯೂ ಕಾಡುತ್ತದೆ. ಪಿಎಚ್ 6ಕ್ಕಿಂತ ಕೆಳಗಿದ್ದರೆ ಫಿಲ್ಟರ್‌ನ ಬ್ಯಾಕ್ಟೀರಿಯಾಗಳ ಕೆಲಸ ತೀರಾ ನಿಧಾನ. ಅಮೋನಿಯಂ ಸದ್ದಿಲ್ಲದೆ ಕೂಡುತ್ತಾ ಹೋಗುತ್ತದೆ, ಮೀನು ಆರಾಮಾಗಿಯೇ ಕಾಣುತ್ತದೆ. ಹತ್ತನೇ ದಿನ ನೀವು ಪಿಎಚ್ 7.5ರ ನೀರನ್ನು ಅರ್ಧ ಟ್ಯಾಂಕ್ ತುಂಬಿಸಿದಿರೆಂದರೆ ಸಂಜೆಯೊಳಗೆ ಮರಿಗಳು ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ. "ನೀರು ಬದಲಿಸಿದ ಮೇಲೇ ಸತ್ತವು" ಎನ್ನುವವರ ಕಥೆಯೆಲ್ಲ ಬಹುಪಾಲು ಇದೇ. ಬದಲಿಸುವ ನೀರನ್ನು ಡ್ರಮ್‌ನಲ್ಲಿ ಮೊದಲೇ ಅದೇ ಪಿಎಚ್, ಅದೇ ಉಷ್ಣತೆಗೆ ತಂದುಕೊಂಡು ದಿನಕ್ಕೆ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಬದಲಿಸಿ. ಸಾಮಾನ್ಯ ಏಂಜೆಲ್ ಆದ ಸ್ಕಾಲಾರೆ ಜಾತಿಯ ಮರಿಗಳನ್ನು ವಾರಗಳ ಮೇಲೆ ನಿಧಾನವಾಗಿ ಪಿಎಚ್ 6.5ರವರೆಗೆ ತರಬಹುದು. ಆಲ್ಟಮ್‌ಗೆ ಆ ಅವಸರ ಬೇಡ.

ಇನ್ನು ಊಟ. ನದಿಯ ಮರಿಗೆ ಪೆಲೆಟ್ ಎಂದರೆ ಏನೆಂದೇ ಗೊತ್ತಿಲ್ಲ. ಬಾಯಿಗೆ ಹಾಕಿ ಉಗುಳುತ್ತದೆ, ಇಲ್ಲವೇ ಕತ್ತು ವಾಲಿಸಿದಂತೆ ಓರೆಯಾಗಿ ನೋಡಿ ಸುಮ್ಮನಾಗುತ್ತದೆ. ಅಲುಗಾಡುವ ಆಹಾರವೇ ಬೇಕು, ಅದಕ್ಕೆ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಂದು ಲೀಟರ್ ನೀರಿಗೆ ಅಯೋಡಿನ್ ಇಲ್ಲದ ಉಪ್ಪು 25 ಗ್ರಾಂ, ಆರ್ಟೀಮಿಯಾ ಮೊಟ್ಟೆ ಅರ್ಧ ಟೀ ಚಮಚ. ತಳದಿಂದ ಜೋರಾಗಿ ಗಾಳಿ ಬಿಟ್ಟು, 28 ಡಿಗ್ರಿಯಲ್ಲಿ, ಬೆಳಕಿನಡಿ ಇಟ್ಟರೆ 24ರಿಂದ 30 ಗಂಟೆಯಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಕಾಯಿರಿ: ಚಿಪ್ಪು ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ಸೇರುತ್ತವೆ. ಅವನ್ನು ಬಟ್ಟೆಯಲ್ಲಿ ಸೋಸಿ ಸಿಹಿನೀರಿನಲ್ಲಿ ತೊಳೆದು, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ತಿಂದ ಮರಿಯ ಹೊಟ್ಟೆ ಪಕ್ಕದಿಂದ ನೋಡಿದರೆ ಕಿತ್ತಳೆಯಾಗಿ ಉಬ್ಬಿರುತ್ತದೆ. ಯಾವುದರ ಹೊಟ್ಟೆ ಉಬ್ಬಿಲ್ಲ ಎಂದು ದಿನವೂ ಎಣಿಸಿ. ಎರಡನೇ ವಾರದಿಂದ ಫ್ರೋಜನ್ ಬ್ಲಡ್‌ವರ್ಮ್, ಅದರ ಜೊತೆ ಪುಡಿ ಪೆಲೆಟ್ ಬೆರೆಸಿ ಅಭ್ಯಾಸ ಮಾಡಿಸಿ. ಅಂಗಡಿಯ ಜೀವಂತ ಟ್ಯೂಬಿಫೆಕ್ಸ್ ಹುಳ ಕೊಡಲೇಬೇಡಿ. ಅದು ಚರಂಡಿ ಕೆಸರಿನಿಂದ ಬಂದದ್ದು, ಕ್ವಾರಂಟೈನ್‌ನ ಅರ್ಥವೇ ಹೋಗುತ್ತದೆ.

ತಿನ್ನಲು ಶುರು ಮಾಡಿದ ಮೇಲೆ ಔಷಧದ ಮಾತು. ಅದೂ ಲಕ್ಷಣ ನೋಡಿ. ತಿಂದರೂ ಹಣೆ, ಬೆನ್ನು ಸೊರಗಿ, ಬಿಳಿ ದಾರದಂಥ ಹಿಕ್ಕೆ ನೇತಾಡುತ್ತಿದ್ದರೆ ಕರುಳಿನ ಏಕಕೋಶ ಜೀವಿಗಳೆಂದು ಅನುಮಾನಿಸಿ. ಮೆಟ್ರೋನಿಡಜೋಲ್ 400 ಮಿ.ಗ್ರಾಂ ಮಾತ್ರೆಯನ್ನು 40 ಗ್ರಾಂ ಆಹಾರಕ್ಕೆ ಬೆರೆಸಿ ಐದು ದಿನ ಕೊಡಬೇಕು. ಬಾಯಿಗೇ ಹಾಕದ ಮರಿಗಳಿದ್ದರೆ ಅದೇ ಮಾತ್ರೆ 60 ಲೀಟರ್ ನೀರಿಗೆ ದಿನಕ್ಕೊಂದರಂತೆ ಮೂರು ದಿನ, ಪ್ರತಿ ಸಲ ಹಾಕುವ ಮೊದಲು ಕಾಲು ಭಾಗ ನೀರು ಬದಲಿಸಿ. ಚೀಟಿ ಬೇಕಾದ ಔಷಧವಾದ್ದರಿಂದ ಪಶುವೈದ್ಯರನ್ನು ಕೇಳಿಯೇ ತನ್ನಿ. ಗುದದಿಂದ ಕೆಂಪು ಎಳೆ ಹೊರಚಾಚಿದ್ದರೆ ಕಮಲಾನಸ್ ಹುಳ: ಲೆವಮಿಸೋಲ್ ಲೀಟರಿಗೆ 2 ಮಿ.ಗ್ರಾಂ, ಕತ್ತಲಲ್ಲಿ 24 ಗಂಟೆ, ನಂತರ ತಳವನ್ನು ಚೆನ್ನಾಗಿ ಸೈಫನ್ ಮಾಡಿ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಔಷಧ ಹುಳವನ್ನು ಮರಗಟ್ಟಿಸಿ ಉದುರಿಸುತ್ತದಷ್ಟೇ. ಗುಡಿಸದಿದ್ದರೆ ಮರಿಗಳು ಮತ್ತೆ ತಿನ್ನುತ್ತವೆ. ಒಂದೇ ಕಿವಿರಿನಲ್ಲಿ ಉಸಿರಾಡುತ್ತಾ ಮೈ ಉಜ್ಜುತ್ತಿದ್ದರೆ ಕಿವಿರಿನ ಹುಳ. ಪ್ರಾಜಿಕ್ವಾಂಟೆಲ್ ಲೀಟರಿಗೆ 2 ಮಿ.ಗ್ರಾಂ, ಮೊಟ್ಟೆಯಿಂದ ಬರುವವಕ್ಕಾಗಿ ವಾರದ ನಂತರ ಮತ್ತೆ. ತಾಮ್ರದ ಔಷಧ ಈ ನೀರಿಗೆ ಬೇಡವೇ ಬೇಡ. ಮೆದು, ಆಮ್ಲೀಯ ನೀರಿನಲ್ಲಿ ತಾಮ್ರದ ವಿಷ ಹಲವು ಪಟ್ಟು ಹೆಚ್ಚುತ್ತದೆ.

ಎಷ್ಟು ದಿನ? ಆರು ವಾರಕ್ಕೆ ಕಡಿಮೆ ಬೇಡ, ಆಲ್ಟಮ್‌ಗೆ ಎಂಟು; ಕೊನೆಯ ಔಷಧದ ನಂತರ ಎರಡು ವಾರ ಯಾವ ಲಕ್ಷಣವೂ ಇರಬಾರದು. ಕೊನೆಯ ಹದಿನೈದು ದಿನ ನಿಮ್ಮ ಹಳೆಯ ಏಂಜೆಲ್‌ಗಳಲ್ಲಿ ಒಂದನ್ನು ಇವುಗಳ ಜೊತೆ ಬಿಡಿ. ಒಂದು ಗುಂಪು ಸಲೀಸಾಗಿ ತಾಳಿಕೊಳ್ಳುವ ಸೋಂಕು ಇನ್ನೊಂದನ್ನು ಮಲಗಿಸಬಹುದು. ಅದು ಇಡೀ ಟ್ಯಾಂಕ್‌ನಲ್ಲಿ ಗೊತ್ತಾಗುವುದಕ್ಕಿಂತ ಇಲ್ಲೇ ಗೊತ್ತಾಗಲಿ. ಅಲ್ಲಿಯವರೆಗೆ ಬಲೆ, ಸೈಫನ್, ಬಕೆಟ್ ಎಲ್ಲ ಬೇರೆ. ಕ್ವಾರಂಟೈನ್ ಮುಗಿದ ಮೇಲೆ ಮರಿಗಳನ್ನು ಬಿಡುವ ಟ್ಯಾಂಕ್ ಕನಿಷ್ಠ 20 ಇಂಚು ಎತ್ತರವಿರಲಿ, ಆಲ್ಟಮ್‌ಗಾದರೆ 24. ನಾಣ್ಯದಗಲದ ಮರಿ ವರ್ಷದೊಳಗೆ ಆ ಎತ್ತರ ಕೇಳುತ್ತದೆ.