ಗಲ್ಲಾಪೆಟ್ಟಿಗೆಗೆ ಯಜಮಾನರೂ ಒಬ್ಬ ಗಿರಾಕಿ

ಸಾರ್ವಜನಿಕ ವಲಯದ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿರುವುದು ಇಪ್ಪತ್ತೇಳು ವರ್ಷಗಳಿಂದ. ಅದರಲ್ಲಿ ಬಹುಪಾಲು ತುಮಕೂರು ಮತ್ತು ಹಾಸನ ಜಿಲ್ಲೆಗಳ ತಾಲ್ಲೂಕು ಕೇಂದ್ರಗಳಲ್ಲಿ ಕಳೆದಿದೆ. ಅಂಗಡಿ, ಹೋಟೆಲು, ಗ್ಯಾರೇಜು, ಹಿಟ್ಟಿನ ಗಿರಣಿ, ಕೊಬ್ಬರಿ ವ್ಯಾಪಾರ, ಇವೇ ನಮ್ಮ ಗ್ರಾಹಕರ ಉದ್ಯೋಗಗಳು. ಒಬ್ಬರ ಸಾಲದ ಕಡತ ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುವುದರಿಂದ ಅವರ ಬದುಕು ಏರುವುದನ್ನೂ ಇಳಿಯುವುದನ್ನೂ ಹತ್ತಾರು ವರ್ಷಗಳ ಕಾಲ ಕಾಗದದ ಮೇಲೆ ನೋಡುವ ಅವಕಾಶ ನಮಗೆ ಸಿಗುತ್ತದೆ. ಹಾಗೆ ನೋಡುತ್ತ ಬಂದ ನನಗೆ, ಮೊದಲ ಪುಟದಲ್ಲಿ ಬರೆದ ಆದಾಯದ ಅಂಕಿಗಿಂತ, ಆ ಮನುಷ್ಯ ತನ್ನದೇ ಗಲ್ಲಾಪೆಟ್ಟಿಗೆಗೆ ಹೇಗೆ ಕೈ ಹಾಕುತ್ತಾನೆ ಎಂಬುದೇ ಹೆಚ್ಚು ವಿಷಯ ಹೇಳಿದೆ.

ಈ ಪಾಠವನ್ನು ನನಗೆ ಮೊದಲು ಕಲಿಸಿದವರು ಬಸ್ ನಿಲ್ದಾಣದ ರಸ್ತೆಯಲ್ಲಿ ಎಂಟು ಮೇಜುಗಳ ಹೋಟೆಲು ನಡೆಸುತ್ತಿದ್ದ ಒಬ್ಬ ಯಜಮಾನರು. ಸುಮಾರು ಹದಿನಾರು ವರ್ಷಗಳ ಹಿಂದೆ, ಹೊಸ ಗ್ರೈಂಡರು ಕೊಳ್ಳಲು ಮತ್ತು ಮುಂಭಾಗವನ್ನು ವಿಸ್ತರಿಸಲು ಅವರು ಸಾಲ ಕೇಳಿದ್ದರಿಂದ, ಸ್ಥಳ ಪರಿಶೀಲನೆಗೆಂದು ಹೋಗಿದ್ದೆ. ಮಾತಾಡುತ್ತ ಇಬ್ಬರೂ ಕಾಫಿ ಕುಡಿದೆವು. ಲೋಟ ಕೆಳಗಿಟ್ಟವರೇ ಅವರು ತಮ್ಮ ಅಂಗಿಯ ಜೇಬಿನಿಂದ ನೋಟು ತೆಗೆದು, ಎರಡು ಕಾಫಿಯ ದುಡ್ಡನ್ನು ಗಲ್ಲಾಕ್ಕೆ ಹಾಕಿ, ಉಳಿದ ಚಿಲ್ಲರೆಯನ್ನು ಎಣಿಸಿ ಜೇಬಿಗೆ ಹಾಕಿಕೊಂಡರು. ಬ್ಯಾಂಕಿನವರ ಮುಂದೆ ಇದೊಂದು ನಾಟಕವಿರಬೇಕು ಎಂದೇ ನನಗೆ ಅನ್ನಿಸಿತು. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. "ಗಲ್ಲಾಕ್ಕೆ ನಾನೂ ಒಬ್ಬ ಗಿರಾಕಿನೇ ಮೇಡಂ," ಎಂದು ನಕ್ಕು, ಮೇಜಿನ ಕೆಳಗಿನಿಂದ ಎಣ್ಣೆ ಕಲೆಗಳಿದ್ದ ಒಂದು ಉದ್ದನೆಯ ಪುಸ್ತಕವನ್ನು ತೆಗೆದರು.

ಅದರಲ್ಲಿ ಪ್ರತಿ ತಿಂಗಳ ಸಂಬಳದ ಪಟ್ಟಿ ಇತ್ತು. ಅಡುಗೆ ಭಟ್ಟರು, ಸಪ್ಲೈಯರ್ ಹುಡುಗರು, ಪಾತ್ರೆ ತೊಳೆಯುವ ಹೆಂಗಸು, ಕೊನೆಯ ಸಾಲಿನಲ್ಲಿ 'ಯಜಮಾನರು, 9,000'. ಆಗ ಭಟ್ಟರ ಸಂಬಳವೇ 8,000 ಇತ್ತು. ಎದುರಿನ ಪುಟದಲ್ಲಿ ಹೋಟೆಲಿನ ದಾಸ್ತಾನಿನಿಂದ ಮನೆಗೆ ಹೋದ ಅಕ್ಕಿ, ಎಣ್ಣೆ, ಬೇಳೆಗಳ ಲೆಕ್ಕ, ಕೊಂಡ ಬೆಲೆಯಲ್ಲಿ. ರಾತ್ರಿ ಕ್ಯಾರಿಯರಿನಲ್ಲಿ ಮನೆಗೆ ಒಯ್ಯುವ ಸಾಂಬಾರಿಗೆ ಕೂಡ ವಾರಕ್ಕಿಷ್ಟು ಎಂದು ಒಂದು ಮೊತ್ತ ಬರೆದಿದ್ದರು. ಇಷ್ಟೆಲ್ಲ ಏಕೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಇಂದಿಗೂ ಹಾಗೆಯೇ ನೆನಪಿದೆ: "ಭಟ್ಟರು ತಿಂಗಳಿಗೆ ಎಷ್ಟು ತಗೊಂಡ್ರು ಅಂತ ಗೊತ್ತಿರುತ್ತೆ. ನಾನು ಎಷ್ಟು ತಗೊಂಡೆ ಅಂತ ಗೊತ್ತಿಲ್ದೆ ಹೋದ್ರೆ, ಈ ಹೋಟ್ಲು ನನ್ನ ಸಾಕ್ತಾ ಇದೆಯೋ ನಾನೇ ಅದನ್ನ ತಿಂತಾ ಇದೀನೋ ಹೇಗೆ ತಿಳಿಯುತ್ತೆ?"

ಅವರು ಹೇಳಿದ್ದು ಲೆಕ್ಕಶಾಸ್ತ್ರದ ಮೂಲ ಮಾತು. ದಿನಕ್ಕೆ 10,000 ರೂಪಾಯಿ ವ್ಯಾಪಾರವಾಗುವ ದಿನಸಿ ಅಂಗಡಿಯಲ್ಲಿ 8,800 ರೂಪಾಯಿ ಸರಕಿನ ಅಸಲೇ ಆಗಿದ್ದರೆ, ಬಾಡಿಗೆ, ವಿದ್ಯುತ್ತು, ಹುಡುಗನ ಕೂಲಿ ಕಳೆದು ಯಜಮಾನನಿಗೆ ಉಳಿಯುವುದು ಐದಾರು ನೂರು ಮಾತ್ರ. ಆದರೆ ಸಂಜೆ ಕಣ್ಣಿಗೆ ಕಾಣುವುದು ಹತ್ತು ಸಾವಿರದ ಕಟ್ಟು. ಹತ್ತು ಸಾವಿರವನ್ನು ಕಂಡ ಕೈ ಸಾವಿರ ರೂಪಾಯಿ ತೆಗೆಯಲು ಹಿಂಜರಿಯುವುದಿಲ್ಲ, ಮತ್ತು ಹಾಗೆ ತೆಗೆದ ಸಾವಿರದಲ್ಲಿ ಅರ್ಧ ಭಾಗ ಲಾಭವಲ್ಲ, ನಾಳೆ ಬರಬೇಕಾದ ಸಕ್ಕರೆ ಮೂಟೆಯ ದುಡ್ಡು ಎಂಬುದು ಆ ಕ್ಷಣಕ್ಕೆ ಯಾರಿಗೂ ಹೊಳೆಯುವುದಿಲ್ಲ.

ಬ್ಯಾಂಕಿನ ಲೆಕ್ಕವೂ ಇಲ್ಲಿಯೇ ಮೋಸ ಹೋಗುತ್ತದೆ. ಸಣ್ಣ ಉದ್ಯಮಗಳಿಗೆ ದುಡಿಯುವ ಬಂಡವಾಳವನ್ನು, ಅಂದರೆ ಸರಕು ಕೊಳ್ಳಲು ಮತ್ತು ನಿತ್ಯದ ವ್ಯವಹಾರಕ್ಕೆ ಬೇಕಾದ ಹಣವನ್ನು, ನಿಗದಿ ಮಾಡುವಾಗ ವರ್ಷದ ಅಂದಾಜು ವಹಿವಾಟಿನ ಶೇ. 25ರಷ್ಟು ಹಣ ಬೇಕಾಗುತ್ತದೆಂದು ಇಟ್ಟುಕೊಂಡು, ಅದರಲ್ಲಿ ವಹಿವಾಟಿನ ಶೇ. 20ರಷ್ಟನ್ನು ಬ್ಯಾಂಕು ಕೊಡುವುದು, ಉಳಿದ ಶೇ. 5ನ್ನು ಮಾಲೀಕರೇ ಹಾಕುವುದು ರೂಢಿಯಲ್ಲಿರುವ ಕ್ರಮ. ವಹಿವಾಟು 50 ಲಕ್ಷವಾದರೆ ಸಿ.ಸಿ. (ಕ್ಯಾಶ್ ಕ್ರೆಡಿಟ್) ಲಿಮಿಟ್, ಅಂದರೆ ಬೇಕಾದಾಗ ತೆಗೆದು ಬಂದಾಗ ಕಟ್ಟುವ ಸಾಲದ ಮಿತಿ, 10 ಲಕ್ಷ. ಈ ಸೂತ್ರದ ಹಿಂದೆ ಇರುವ ನಂಬಿಕೆ ಒಂದೇ: ಸರಕು ಮಾರಿ ಬಂದ ಹಣ ಮತ್ತೆ ಖಾತೆಗೇ ಬರುತ್ತದೆ. ಆರೋಗ್ಯವಾಗಿರುವ ಸಿ.ಸಿ. ಖಾತೆಯ ಬಾಕಿ ನಮ್ಮ ಬಯಲುಸೀಮೆಯ ಕೆರೆಯ ಹಾಗೆ ತುಂಬಿ ಬತ್ತುತ್ತಿರುತ್ತದೆ. ಮನೆಯ ಖರ್ಚು ಗಲ್ಲಾದಿಂದಲೇ ನಡೆಯುವ ಅಂಗಡಿಯ ಖಾತೆಯಲ್ಲಾದರೋ ಬಾಕಿ ಲಿಮಿಟಿನ ಅಂಚಿನಲ್ಲಿ ಅಲ್ಲಾಡದೆ ನಿಂತುಬಿಡುತ್ತದೆ, ಬಡ್ಡಿ ಬಿದ್ದಾಗ ಮಾತ್ರ ಅಂಚು ಮೀರುತ್ತದೆ. ಅಂಥ ಖಾತೆಯ ಮಾಲೀಕರು ಸಾಮಾನ್ಯವಾಗಿ ಬಂದು ಕೇಳುವುದು ಲಿಮಿಟ್ ಹೆಚ್ಚಿಸಿಕೊಡಿ ಎಂದು.

ಹಾಗೆ ಕೇಳಿದವರೊಬ್ಬರಿಗೆ ಹೆಚ್ಚಿಸಿಕೊಟ್ಟ ತಪ್ಪು ನನ್ನದೇ. ಆಗ ನಾನಿದ್ದುದು ಬೇರೊಂದು ಊರಿನ ಶಾಖೆಯಲ್ಲಿ. ಹಾರ್ಡ್‌ವೇರ್ ಅಂಗಡಿಯವರು, ಮಾತಿನಲ್ಲಿ ಮರ್ಯಾದಸ್ಥರು, ವ್ಯಾಪಾರ ಜೋರಾಗಿತ್ತು, ಊರಿಗೆಲ್ಲ ಅವರದೇ ಸಿಮೆಂಟು, ಅವರದೇ ಪೈಪು. ದಾಸ್ತಾನು ಎಷ್ಟಿದೆ ಎಂದು ಬ್ಯಾಂಕಿಗೆ ಕೊಡುವ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟು ತಪ್ಪದೆ ಬರುತ್ತಿತ್ತು. ನಾನು ಗೋದಾಮಿಗೆ ಹೋದಾಗ ಬಾಗಿಲಲ್ಲೇ ಕುರ್ಚಿ ಹಾಕಿ ಎಳನೀರು ಕೊಟ್ಟರು. ಅಲ್ಲಿಂದಲೇ ಕಾಣುತ್ತಿದ್ದ ಪೇಂಟ್ ಡಬ್ಬಗಳ ಸಾಲುಗಳನ್ನು ಎಣಿಸಿ, ಅಡ್ಡ ಸಾಲು ಇಷ್ಟು, ಉದ್ದ ಸಾಲು ಇಷ್ಟು ಎಂದು ಗುಣಿಸಿ ವರದಿ ಬರೆದೆ. ಒಂದೂವರೆ ವರ್ಷದ ನಂತರ ಖಾತೆಗೆ ಹಣ ಬೀಳುವುದು ನಿಂತು, 90 ದಿನ ದಾಟಿ, ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರಿದಾಗ ಅದೇ ಗೋದಾಮಿನ ಒಳಗೆ ನಡೆದುಹೋದೆ. ಮುಂದಿನ ಎರಡು ಸಾಲು ಬಿಟ್ಟರೆ ಹಿಂದಿನವೆಲ್ಲ ಖಾಲಿ ಡಬ್ಬಗಳು. ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತಿದ್ದವು. ಹಣ ಜೂಜಿಗೂ ಹೋಗಿರಲಿಲ್ಲ, ಕುಡಿತಕ್ಕೂ ಹೋಗಿರಲಿಲ್ಲ. ಹೊಸ ಮನೆಯ ಎರಡನೆಯ ಅಂತಸ್ತಿಗೆ, ಮಗಳ ಮದುವೆಗೆ, ಮದುವೆಗೆ ಬಂದ ಬೀಗರ ಎದುರು ನಿಲ್ಲಿಸಬೇಕಾಗಿದ್ದ ಕಾರಿಗೆ ಹೋಗಿತ್ತು. ಅವರು ಕೆಟ್ಟವರಾಗಿರಲಿಲ್ಲ. ಅಂಗಡಿಯ ದುಡ್ಡು ತನ್ನದು ಎಂದುಕೊಂಡಿದ್ದರು, ಅಷ್ಟೇ. ಮೇಲಿನವರು ಕೇಳಿದ ವಿವರಣೆಗೆ ಉತ್ತರ ಬರೆಯುತ್ತ ಕುಳಿತ ಆ ವಾರ, ಎಂಟು ಮೇಜಿನ ಹೋಟೆಲಿನ ಪುಸ್ತಕ ನನಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಆ ಪುಸ್ತಕ ಕಂಡಿದ್ದೂ ಇವರಿಗೆ ಅಂಥದ್ದೊಂದು ಪ್ರಶ್ನೆ ಕೇಳಿರಲಿಲ್ಲ.

ಊರಿಗೆಲ್ಲ ಬುದ್ಧಿ ಹೇಳುವ ಸ್ಥಾನದಲ್ಲಿ ಕುಳಿತ ನನ್ನ ಮನೆಯ ಲೆಕ್ಕ ಇದಕ್ಕಿಂತ ಚೆನ್ನಾಗಿತ್ತು ಎಂದು ಹೇಳಲಾರೆ. ಬ್ಯಾಂಕ್ ನೌಕರರಿಗೆ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣವನ್ನು ಸಾಲವಾಗಿ ತೆಗೆಯುವ ಸೌಲಭ್ಯ, ಸುಲಭವಾಗಿ ಸಿಗುತ್ತದೆ. ಹನ್ನೊಂದು ವರ್ಷಗಳ ಕಾಲ ನನ್ನ ಸಂಬಳ ಬಂದ ದಿನ ಆ ಖಾತೆಯ ಬಾಕಿ ಸ್ವಲ್ಪ ತಗ್ಗುತ್ತಿತ್ತು, ಇಪ್ಪತ್ತನೆಯ ತಾರೀಕಿನ ಹೊತ್ತಿಗೆ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಗ್ರಾಹಕರ ಖಾತೆಯಲ್ಲಿ ಇದನ್ನು ಕಂಡಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಹಾರ್ಡ್‌ವೇರ್ ಪ್ರಕರಣದ ನಂತರ ಒಂದು ಭಾನುವಾರ ನನ್ನದೇ ಖಾತೆಯ ಆರು ತಿಂಗಳ ವಿವರವನ್ನು ಮುದ್ರಿಸಿಕೊಂಡು ಕುಳಿತೆ. ದೊಡ್ಡ ಖರ್ಚುಗಳಿಗೆಲ್ಲ ಕಾರಣ ನೆನಪಿತ್ತು. ಎರಡು ಸಾವಿರ, ಮೂರು ಸಾವಿರದ ಎಟಿಎಂ ತೆಗೆತಗಳಿಗೆ ಒಂದಕ್ಕೂ ನೆನಪಿರಲಿಲ್ಲ. ಅಂದಿನಿಂದ ಮಾಡಿದ್ದು ಇಷ್ಟೇ: ಸಂಬಳದ ಖಾತೆಯಿಂದ ಮನೆಖರ್ಚಿಗೆಂದು ಗೊತ್ತಾದ ಒಂದು ಮೊತ್ತ ಪ್ರತಿ ತಿಂಗಳು ಒಂದನೆಯ ತಾರೀಕು ಇನ್ನೊಂದು ಖಾತೆಗೆ ತಾನಾಗಿ ಹೋಗುವಂತೆ ಮಾಡಿ, ಎಟಿಎಂ ಕಾರ್ಡನ್ನು ಆ ಎರಡನೆಯ ಖಾತೆಗೆ ಮಾತ್ರ ಉಳಿಸಿಕೊಂಡೆ. ಓವರ್‌ಡ್ರಾಫ್ಟ್ ತೀರಲು ಎರಡೂವರೆ ವರ್ಷ ಹಿಡಿಯಿತು. ಅದು ತೀರಿದ ಮೇಲೆ ಉಳಿದ ಹಣ ಪಿಪಿಎಫ್ ಎಂಬ ಸರ್ಕಾರಿ ಉಳಿತಾಯ ಯೋಜನೆಗೆ ಹೋಯಿತು. ಹದಿನೈದು ವರ್ಷದ ಆ ಖಾತೆಯನ್ನು ಮೂವತ್ತರಲ್ಲಿ ತೆರೆಯಬೇಕಾದವಳು ನಲವತ್ತು ದಾಟಿ ತೆರೆದೆ ಎಂಬುದು ಬೇರೆ ಮಾತು.

ಹಣವನ್ನು ಕೈಗೆ ಸಿಗದಂತೆ ಬೇರ್ಪಡಿಸುವ ಈ ಉಪಾಯ ನಮ್ಮ ಜನಕ್ಕೆ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು, ಪಿಗ್ಮಿ ಎಂಬ ಪದ ಮಾತ್ರ ಊರೂರಿನ ಸಹಕಾರ ಸಂಘಗಳಲ್ಲೂ ಬೇರುಬಿಟ್ಟು ಉಳಿದಿದೆ. ಬಡ್ಡಿಯ ದೃಷ್ಟಿಯಿಂದ ನೋಡಿದರೆ ಪಿಗ್ಮಿ ಅಂಥ ಲಾಭದ ಯೋಜನೆಯಲ್ಲ. ತರಬೇತಿಗೆ ಬಂದ ಯುವ ಅಧಿಕಾರಿಗಳು ಅದನ್ನು ನೋಡಿ ಮೂಗು ಮುರಿಯುತ್ತಾರೆ. ಆದರೆ ಅದರ ಬೆಲೆ ಇರುವುದು ಬಡ್ಡಿಯಲ್ಲಲ್ಲ, ಸಂಗ್ರಾಹಕ ಬರುವ ಹೊತ್ತಿನಲ್ಲಿ. ವ್ಯಾಪಾರ ಇಳಿದು, ಗಲ್ಲಾ ತುಂಬಿ, ಯಜಮಾನ ಇನ್ನೂ ಮನೆಗೆ ಹೊರಡದ ಆ ಅರ್ಧ ಗಂಟೆಯಲ್ಲಿ ಬಂದು ನೂರು ರೂಪಾಯಿ ಕೇಳಿ ಒಯ್ಯುವ ಸಂಗ್ರಾಹಕ, ವರ್ಷಕ್ಕೆ 36,500 ರೂಪಾಯಿಯನ್ನು ಯಜಮಾನನ ಕೈಯಿಂದಲೇ ಯಜಮಾನನಿಗಾಗಿ ಕಾಪಾಡಿರುತ್ತಾನೆ.

ತಿಪಟೂರಿನ ಸುತ್ತಮುತ್ತ ಕೆಲಸ ಮಾಡಿದ ವರ್ಷಗಳಲ್ಲಿ ಇದೇ ವಿಷಯದ ಇನ್ನೊಂದು ಮುಖ ಕಂಡಿತು. ಅಲ್ಲಿಯ ಉಂಡೆ ಕೊಬ್ಬರಿ ಆಗುವುದೇ ಕಾಯುವಿಕೆಯಿಂದ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹಾಕಿ ಸುಮಾರು ಹತ್ತು ತಿಂಗಳಿಂದ ಒಂದು ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಸದ್ದು ಬರುವ ಹೊತ್ತಿಗೆ ಸುಲಿಯುತ್ತಾರೆ. ಅಟ್ಟದ ಮೇಲೆ ಒಂದೇ ಬಗೆಯ ಕಾಯಿ ಇದ್ದರೂ ಎಲ್ಲ ರೈತರಿಗೂ ಒಂದೇ ಬೆಲೆ ಸಿಗುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದು, ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಬೆಂಬಲ ಬೆಲೆಗೆ ಮಾರಬೇಕೆಂದರೆ ಕೇಂದ್ರದ ಪರವಾಗಿ ಕೊಳ್ಳುವ ಸಹಕಾರ ಸಂಸ್ಥೆಯಾದ ನ್ಯಾಫೆಡ್‌ನ ಖರೀದಿಗೆ ಹೆಸರು ನೋಂದಾಯಿಸಿ, ಸರದಿ ಕಾದು, ಹಣ ಜಮೆಯಾಗುವವರೆಗೂ ಕಾಯಬೇಕು. ಮನೆಖರ್ಚಿಗೆ ಬೇರೆ ಹಣ ಇಟ್ಟುಕೊಂಡಿದ್ದವರು ಕಾದರು. ದಲ್ಲಾಳಿಯ ಹತ್ತಿರ ಮುಂಗಡ ತಂದು ಮಕ್ಕಳ ಫೀಸು ಕಟ್ಟಿದ್ದವರು ಅಂದಿನ ಧಾರಣೆಗೇ ಚೀಲ ಇಳಿಸಿದರು. ಎರಡು ವರ್ಷ ಕಳೆದು 2025ರಲ್ಲಿ ಧಾರಣೆ 20 ಸಾವಿರ ದಾಟಿ ಏರಿದಾಗಲೂ ಮುಂಗಡದವರ ಕೈ ಮೊದಲೇ ಕಟ್ಟಿಹೋಗಿತ್ತು. ಸಾಹಸ, ದೂರದೃಷ್ಟಿ ಎಂದು ನಾವು ಹೊಗಳುವ ಗುಣ ಎಷ್ಟೋ ಸಲ ಆರು ತಿಂಗಳ ಮನೆಖರ್ಚಿನ ಇನ್ನೊಂದು ಹೆಸರು.

ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ಎರಡು ಎಕರೆ ತೋಟದಲ್ಲಿ ನುಸಿ, ರೋಗ, ಬರ ಮೂರೂ ಕೂಡಿ ಬಂದವರಿಗೆ, ಮನೆಯಲ್ಲಿ ಡಯಾಲಿಸಿಸ್ ರೋಗಿ ಇರುವವರಿಗೆ, ನಿಮ್ಮ ಮನೋಭಾವ ಬದಲಾಯಿಸಿಕೊಳ್ಳಿ, ಸಂಪತ್ತು ತಾನಾಗಿ ಬರುತ್ತದೆ ಎನ್ನುವುದು ಬರಿಯ ಬಾಯಿಮಾತಲ್ಲ, ಕ್ರೌರ್ಯ. ನಮಗೆ ನಡೆಸಿದ ತರಬೇತಿಯೊಂದರಲ್ಲಿ ಹಾಗೆ ಭಾಷಣ ಮಾಡಿದ ಮಹನೀಯರನ್ನು ಒಂದು ದಿನ ನಮ್ಮ ಚಿನ್ನದ ಸಾಲದ ಕೌಂಟರಿನಲ್ಲಿ ಕೂರಿಸಬೇಕು ಅನ್ನಿಸಿತ್ತು. ಇಲ್ಲದ ಆದಾಯವನ್ನು ಯಾವ ಅಭ್ಯಾಸವೂ ಸೃಷ್ಟಿಸುವುದಿಲ್ಲ. ಇದ್ದ ಆದಾಯ ಎಲ್ಲಿ ಸೋರುತ್ತಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ.

ಹೋಟೆಲಿನ ಯಜಮಾನರ ವಿಷಯಕ್ಕೆ ಮರಳುತ್ತೇನೆ. ನಾನು ವರ್ಗವಾಗಿ ಹೋಗಿ, ಕೋವಿಡ್‌ಗೆ ಸ್ವಲ್ಪ ಮೊದಲು ಮತ್ತೆ ಅದೇ ಶಾಖೆಗೆ ಬಂದಾಗ ಎಂಟು ಮೇಜು ಇಪ್ಪತ್ತೆರಡಾಗಿತ್ತು, ಪಕ್ಕದ ತಾಲ್ಲೂಕಿನಲ್ಲಿ ಇನ್ನೊಂದು ಹೋಟೆಲಿತ್ತು, ಎರಡೂ ಕಟ್ಟಡಗಳು ಸ್ವಂತದ್ದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು, ರಿಸರ್ವ್ ಬ್ಯಾಂಕು ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಾಗ, ಅದು ಮನ್ನಾ ಎಂದೇ ತಿಳಿದವರು ಬಹಳ ಮಂದಿ. ಬಡ್ಡಿ ಓಡುತ್ತಲೇ ಇರುತ್ತದೆ ಎಂದು ವಿವರಿಸಿ ನನ್ನ ಗಂಟಲು ಒಣಗುತ್ತಿತ್ತು. ಇವರು ಮಾತ್ರ ಪ್ರತಿ ತಿಂಗಳು ಮಾಸ್ಕ್ ಹಾಕಿಕೊಂಡು ಬಂದು ಬಡ್ಡಿಯಷ್ಟನ್ನು ಕಟ್ಟಿ ಹೋಗುತ್ತಿದ್ದರು. ಪುಸ್ತಕ ಕೇಳಿ ನೋಡಿದೆ. ಊರಿಗೆ ಹೋಗದೆ ಉಳಿದ ಭಟ್ಟರಿಗೂ ಹುಡುಗರಿಗೂ ಅರ್ಧ ಸಂಬಳ, ಕೊನೆಯ ಸಾಲಿನಲ್ಲಿ ಯಜಮಾನರಿಗೆ ಸೊನ್ನೆ. ಮನೆ ನಡೆದದ್ದು ಅವರ ಸಂಬಳದ ಉಳಿತಾಯದಿಂದ.

ಈಗ ವ್ಯವಹಾರ ಅವರ ಮಗನ ಕೈಯಲ್ಲಿದೆ. ಓದಿದ ಹುಡುಗ, ಚುರುಕು. ಕಳೆದ ತಿಂಗಳು ನವೀಕರಣಕ್ಕೆಂದು ತಂದೆ ಮಗ ಇಬ್ಬರೂ ಬಂದಿದ್ದರು. ಖಾತೆಯ ವಿವರ ತೆರೆದು ನೋಡಿದರೆ, ಕೌಂಟರಿನ ಮೇಲೆ ಅಂಟಿಸಿದ ಕ್ಯೂಆರ್ ಕೋಡಿಗೆ ಬರುವ ಹಣವೂ, ಹುಡುಗನ ಫೋನಿನಿಂದ ಹೋಗುವ ಹಣವೂ ಒಂದೇ ಖಾತೆಯದು. ಇಡ್ಲಿ ವಡೆಯ 60 ರೂಪಾಯಿ, ಬೇಳೆ ಮಂಡಿಯ 38,000, ಪೆಟ್ರೋಲು, ಸಿನಿಮಾ ಟಿಕೆಟು, ಯಾರಿಗೋ ಕೈಗಡ ಕೊಟ್ಟ 15,000, ಎಲ್ಲವೂ ಒಂದರ ಕೆಳಗೊಂದು. "ಅವತ್ತು ಪೆಟ್ಟಿಗೆ ಹೋಟ್ಲಲ್ಲಿ ಇರ್ತಿತ್ತು ಮೇಡಂ, ಈಗ ಇವನ ಜೇಬಲ್ಲೇ ಇದೆ," ಎಂದರು ತಂದೆ. ಮಗ ಮುಖ ಸಪ್ಪಗೆ ಮಾಡಿಕೊಂಡು, "ಲಾಭ ಬರ್ತಾ ಇದೆಯಲ್ಲಪ್ಪ," ಎಂದ. ಎಷ್ಟು ಎಂದು ನಾನು ಕೇಳಿದೆ. ಅವನು ಫೋನು ತೆಗೆದು ಖಾತೆಯಲ್ಲಿದ್ದ ಮೊತ್ತವನ್ನು ತೋರಿಸಿದ.

ಆರು ತಿಂಗಳ ವಿವರವನ್ನು ಮುದ್ರಿಸಿ, ಹೋಟೆಲಿಗೆ ಸೇರದ ಖರ್ಚುಗಳಿಗೆ ಹಳದಿ ಬಣ್ಣ ಬಳಿದುಕೊಂಡು ಬರಲು ಹೇಳಿ ಕಳಿಸಿದೆ. ನಾಲ್ಕನೆಯ ದಿನ ಒಬ್ಬನೇ ಬಂದ. ಹಾಳೆಗಳಲ್ಲಿ ಹಳದಿ ನಾನು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಬೇಳೆ ಮಂಡಿಯ ಒಂದು ಸಾಲಿನ ಅರ್ಧಕ್ಕೆ ಮಾತ್ರ ಬಣ್ಣ ಬಳಿದಿದ್ದನ್ನು ಕಂಡು ಇದೇನೆಂದು ಕೇಳಿದೆ. "ಅದರಲ್ಲಿ ಐದು ಕೆಜಿ ತೊಗರಿಬೇಳೆ ಮನೆಗೆ ಹೋಗಿತ್ತು ಮೇಡಂ," ಎಂದು ಹೇಳಿ, ಹೊಸ ಉಳಿತಾಯ ಖಾತೆಯ ಅರ್ಜಿ ಎಲ್ಲಿ ಸಿಗುತ್ತದೆಂದು ವಿಚಾರಿಸಿದ.