ಕಾಫಿ ಕಣದಲ್ಲಿ ಕೇಳಿದ ಟೋಕಿಯೋ

ನಿನ್ನೆ ರಾತ್ರಿ ಮೂಡಿಗೆರೆಯ ನಮ್ಮ ತೋಟದ ಕಣದಲ್ಲಿ, ಒಣಗಲು ಹರಡಿದ್ದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಕಾವಲು ಕುಳಿತಿದ್ದಾಗ, ಜರ್ಮನಿಯ ರಾಕ್ ಸಂಗೀತ ತಂಡ ಸ್ಕಾರ್ಪಿಯನ್ಸ್‌ನ ‘ಟೋಕಿಯೋ ಟೇಪ್ಸ್’ ಆಲ್ಬಮನ್ನು ಬಹಳ ದಿನಗಳ ನಂತರ ಪೂರ್ತಿಯಾಗಿ ಕೇಳಿದೆ. 1978ರ ಏಪ್ರಿಲ್‌ನಲ್ಲಿ ಟೋಕಿಯೋದ ನಕಾನೊ ಸನ್ ಪ್ಲಾಜಾ ಸಭಾಂಗಣದಲ್ಲಿ ಧ್ವನಿಮುದ್ರಿಸಿದ ಇದರ ನಂತರ ಗಿಟಾರ್ ವಾದಕ ಉಲಿ ಜಾನ್ ರಾತ್ ತಂಡವನ್ನು ಬಿಟ್ಟರು. ಎಷ್ಟೇ ಅಬ್ಬರದ ಹಾಡಿನಲ್ಲೂ ಅವರು ತಂತಿಯನ್ನು ಎಳೆದು ಸ್ವರವನ್ನು ಬಾಗಿಸುವ ರೀತಿ ನನಗೆ ವೀಣೆಯ ಗಮಕವನ್ನೇ ನೆನಪಿಸುತ್ತದೆ. ಉತ್ತರಾರ್ಧದ ಹಳೆಯ ರಾಕ್ ಅಂಡ್ ರೋಲ್ ಹಾಡುಗಳು ಇಲ್ಲದಿದ್ದರೂ ನಡೆಯುತ್ತಿತ್ತು, ಅದು ಬೇರೆ ಮಾತು.

ಆದರೆ ಹಾಳುಬಿದ್ದ ಕೋಟೆಯ ಮೇಲಿನ ಚಂದ್ರನನ್ನು ಕುರಿತ ಜಪಾನೀ ಗೀತೆ ‘ಕೋಜೋ ನೋ ತ್ಸುಕಿ’ಯನ್ನು ಗಾಯಕ ಕ್ಲಾಸ್ ಮೈನೆ ಜಪಾನೀ ಭಾಷೆಯಲ್ಲಿಯೇ ಹಾಡುವಾಗ, ಆ ಪರಭಾಷಿಕನ ಕಂಠದಲ್ಲಿ ತಮ್ಮ ಹಾಡನ್ನು ಕೇಳಿದ ಸಭಿಕರಿಗೆ ಏನನ್ನಿಸಿರಬಹುದು ಎಂದು ಯೋಚಿಸುತ್ತ, ಹಳೇಬೀಡಿನ ಮೇಲೂ ಇದೇ ಚಂದ್ರನಿರಬೇಕಲ್ಲ ಎಂದುಕೊಂಡೆ. ಆ ಒಂದು ಹಾಡನ್ನು ಮೂರು ಬಾರಿ ಕೇಳುವಷ್ಟರಲ್ಲಿ ಟಾರ್ಪಾಲಿನ ಮಡಿಕೆಗಳಲ್ಲಿ ಇಬ್ಬನಿ ನೀರಾಗಿ ನಿಂತಿತ್ತು.