ಮನೆಶಾಲೆಯ ಮೊದಲ ವರ್ಷಕ್ಕೆ ಕೊಂಡದ್ದು, ಬಿಟ್ಟದ್ದು

ಈ ಜೂನ್‌ನಿಂದ ಮಗಳು ಎರಡನೆಯ ತರಗತಿಯನ್ನು ಮನೆಯಲ್ಲಿಯೇ ಓದಲಿ ಎಂದು ನಿಶ್ಚಯಿಸಿದ ಮೇಲೆ, ಕಳೆದ ವರ್ಷ ಶಾಲೆಯವರು ಕೊಟ್ಟಿದ್ದ ಸಾಮಾನುಗಳ ಪಟ್ಟಿಯನ್ನು ಹುಡುಕಿ ತೆಗೆದೆ. ಶಿರಸಿ ಪೇಟೆಗೆ ಹೊರಡುವ ಮುನ್ನ ಅದನ್ನು ನಿಧಾನವಾಗಿ ಓದಿದಾಗ ಗಮನಕ್ಕೆ ಬಂದ ಸಂಗತಿಯೆಂದರೆ, ಮಗು ಮನೆಯಿಂದ ಹೊತ್ತು ತರಬೇಕಾದ ವಸ್ತುಗಳಷ್ಟೇ ಅದರಲ್ಲಿದ್ದವು. ಶಾಲೆ ತಾನೇ ಒದಗಿಸುವ ಕರಿಹಲಗೆ, ಗೋಡೆಯ ನಕಾಶೆ, ತಕ್ಕಡಿ, ಕಥೆಪುಸ್ತಕಗಳ ಕಪಾಟು ಇವುಗಳ ಸುದ್ದಿಯೇ ಇರಲಿಲ್ಲ. ಮನೆಯಲ್ಲಿ ಕಲಿಸುವವರು ಆ ಪಟ್ಟಿಯನ್ನು ತಲೆಕೆಳಗು ಮಾಡಿಕೊಂಡು, ಚೀಲದೊಳಗಿನ ವಸ್ತುಗಳಿಗೆ ಕಡಿಮೆ, ಗೋಡೆಯ ಮೇಲೆ ಮತ್ತು ಜಗಲಿಯಲ್ಲಿ ಇರಬೇಕಾದವುಗಳಿಗೆ ಹೆಚ್ಚು ಹಣ ತೆಗೆದಿಡುವುದು ಸರಿಯೆಂದು ನನಗೆ ತೋರುತ್ತದೆ.

ಸಮವಸ್ತ್ರ, ಬೂಟು, ಚೀಲ, ಹೆಸರಿನ ಚೀಟಿಗಳು ತಾವಾಗಿಯೇ ಬಿದ್ದುಹೋದವು. ವಿಷಯಕ್ಕೊಂದರಂತೆ ನೋಟ್‌ಬುಕ್ಕು, ಮತ್ತೆ ಅದಕ್ಕೊಂದು ಮನೆಗೆಲಸದ ನೋಟ್‌ಬುಕ್ಕು ಎಂಬ ಲೆಕ್ಕವೂ ನಮಗೆ ಬೇಕಾಗಲಿಲ್ಲ. ಕನ್ನಡ ಕಾಪಿ ಬರೆಯಲು ಎರಡು ಗೆರೆಯದು, ಇಂಗ್ಲಿಷಿಗೆ ನಾಲ್ಕು ಗೆರೆಯದು, ಲೆಕ್ಕಕ್ಕೆ ಚೌಕದ ಪುಸ್ತಕ, ಚಿತ್ರಕ್ಕೆ ಗೆರೆಯಿಲ್ಲದ ದಪ್ಪ ಹಾಳೆಯದು, ಇಷ್ಟು ಸಾಕು. ಉಳಿದ ತಿದ್ದುವಿಕೆ, ಅಳಿಸುವಿಕೆಯೆಲ್ಲ ಮರದ ಚೌಕಟ್ಟಿನ ಕಲ್ಲಿನ ಪಾಟಿಯ ಮೇಲೆ. ಮೂರು ಸಲ ತಪ್ಪು ಬರೆದರೂ ಗುರುತು ಉಳಿಯದ ಪಾಟಿಯ ಮೇಲೆ ಮಕ್ಕಳ ಕೈ ಹೆಚ್ಚು ಧೈರ್ಯವಾಗಿ ಓಡುತ್ತದೆ. (ಕಡ್ಡಿಯನ್ನು ತಿನ್ನುವ ಚಟ ಹತ್ತದಂತೆ ಮಾತ್ರ ನೋಡಿಕೊಳ್ಳಬೇಕು.) 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲ್, ರಬ್ಬರು, ಬಣ್ಣದ ಕಡ್ಡಿ, ನಕಾಶೆಗಳ ಮೇಲಿನ ಜಿಎಸ್‌ಟಿ ಶೂನ್ಯವಾಗಿದೆ, ಕಂಪಾಸ್ ಪೆಟ್ಟಿಗೆಗೆ ಶೇ. 5 ಉಳಿದಿದೆ, ಎರಡನೆಯ ತರಗತಿಗೆ ಅದು ಬೇಕಾಗಿಯೂ ಇಲ್ಲ.

ಪಠ್ಯಪುಸ್ತಕಗಳ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಗಳ ಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಇಡೀ ಪುಸ್ತಕವನ್ನು ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿಕೊಳ್ಳುವುದಕ್ಕಿಂತ ಅಚ್ಚಾದ ಪುಸ್ತಕವನ್ನು ಕೊಳ್ಳುವುದೇ ಅಗ್ಗ. ನಾನು ಜಾಲತಾಣದಿಂದ ಇಳಿಸಿಕೊಂಡದ್ದು ಮೂರನೆಯ ತರಗತಿಯ ಪುಸ್ತಕಗಳನ್ನು, ಅದೂ ಮುಂದೆ ಏನು ಬರಲಿದೆ ಎಂದು ನನಗೆ ತಿಳಿದಿರಲೆಂದು. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಪಾಠದ ಕಾರ್ಡುಗಳನ್ನು ಒಂದೊಂದಾಗಿ ಮುಗಿಸುತ್ತ ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಒಂದೇ ಮಗುವಿರುವ ಮನೆಗೆ ಆ ಕಾರ್ಡುಗಳ ಕ್ರಮ ಚೆನ್ನಾಗಿ ಒಗ್ಗುತ್ತದೆ. ಹಳೆಯ ಮದುವೆ ಕರೆಯೋಲೆಗಳ ಬೆನ್ನಿನ ಮೇಲೆ ಬರೆದು ಅಂಥ ಕಾರ್ಡುಗಳನ್ನು ನಾವೇ ಮಾಡಿಕೊಂಡೆವು.

ಘಟ್ಟದ ಮೇಲಿನ ನಮ್ಮ ಮಳೆಗಾಲದಲ್ಲಿ ಕೊಂಡದ್ದನ್ನು ಕಾಪಾಡುವುದೇ ದೊಡ್ಡ ಕೆಲಸ. ಪ್ಲಾಸ್ಟಿಕ್ ಹೊದಿಕೆಯೊಳಗೆ ತೇವ ಸಿಕ್ಕಿಕೊಂಡು ರಟ್ಟಿಗೆ ಬೂಷ್ಟು ಹಿಡಿಯುತ್ತದಾದ್ದರಿಂದ ಕಂದು ಕಾಗದದ ಹೊದಿಕೆಯೇ ಲೇಸು. ಒದ್ದೆಯಾದ ಸೀಮೆಸುಣ್ಣ ಹಲಗೆಯ ಮೇಲೆ ಮೂಡುವುದಿಲ್ಲ. ಅದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಅತ್ತೆಯವರು ಉಪ್ಪು-ಹುಣಸೆ ಇಡುವ ಒಲೆಯ ಮೇಲಿನ ಅಟ್ಟದಲ್ಲಿಯೇ ಇಟ್ಟಿದ್ದೇವೆ. ಕರಿಹಲಗೆಯನ್ನು ಕೊಳ್ಳಲಿಲ್ಲ, ಉಳಿದಿದ್ದ ಪ್ಲೈವುಡ್ ತುಂಡಿಗೆ ಬ್ಲ್ಯಾಕ್‌ಬೋರ್ಡ್ ಪೇಂಟನ್ನು ಎರಡು ಸಲ ಬಳಿದದ್ದಾಯಿತು.

ಆ ಮಳೆಯೇ ಪಾಠದ ಸಾಮಗ್ರಿಯೂ ಆಗುತ್ತದೆ. ಮಳೆಮಾಪಕಕ್ಕೆ ಬೇಕಾದದ್ದು ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ತಳ ಸಪಾಟಾದ ಗಾಜಿನ ಜಾಡಿ ಮತ್ತು ಒಂದು ಅಳತೆಪಟ್ಟಿ. ಜಾಡಿಯ ಅಗಲ ಎಷ್ಟೇ ಇರಲಿ, ಬದಿಗಳು ನೇರವಾಗಿದ್ದರೆ ಒಳಗಿನ ನೀರಿನ ಎತ್ತರವೇ ಮಳೆಯ ಮಿಲಿಮೀಟರ್. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ಅಂಗಳದ ಮೇಲೆ ಒಂದು ಲೀಟರ್ ನೀರು. ಅಳತೆಪಟ್ಟಿಯ ಸೊನ್ನೆ ಸಾಮಾನ್ಯವಾಗಿ ತುದಿಯಿಂದ ಸ್ವಲ್ಪ ಒಳಗಿರುವುದರಿಂದ, ಆ ತುದಿಯನ್ನು ಗರಗಸದಿಂದ ಕೊಯ್ದು ತೆಗೆಯಬೇಕು. ಜಾಡಿ ಎತ್ತರವಾಗಿರುವುದೂ ಮುಖ್ಯ: ಹವಾಮಾನ ಇಲಾಖೆ 115.6ರಿಂದ 204.4 ಮಿ.ಮೀ. ತನಕದ ಮಳೆಯನ್ನು ಅತಿ ಭಾರಿ ಮಳೆ ಎನ್ನುತ್ತದೆ, ನಮ್ಮಲ್ಲಿ ಜುಲೈಯಲ್ಲಿ ಅಂಥ ದಿನ ಬರುವುದು ಅಪರೂಪವಲ್ಲ, ಗಿಡ್ಡ ಜಾಡಿಯಾದರೆ ತುಂಬಿ ಹರಿದು ಲೆಕ್ಕವೇ ಕೆಡುತ್ತದೆ. ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ನಮ್ಮ ಶಾಲೆಯ ಗಂಟೆಯೂ ಅದೇ: ಅಳತೆ ನೋಡಿ, ಚೌಕದ ಪುಸ್ತಕದಲ್ಲಿ ಒಂದು ಕಂಬ ಬರೆದು, ಆಮೇಲೆ ಉಳಿದ ಪಾಠ.

ಎಣಿಕೆಗೆ ಪೇಟೆಯಲ್ಲಿ ಬಣ್ಣದ ಪ್ಲಾಸ್ಟಿಕ್ ಮಣಿಗಳ ಚೌಕಟ್ಟು ಸಿಗುತ್ತದೆ. ಹುಣಸೆಬೀಜವಿರುವಾಗ ಅದೇಕೆ? ಹತ್ತು ಬೀಜ ಸೇರಿದರೆ ಒಂದು ಬೆಂಕಿಪೊಟ್ಟಣ, ಹತ್ತು ಬೆಂಕಿಪೊಟ್ಟಣ ಸೇರಿದರೆ ಒಂದು ಚೀಲ. ಬಿಡಿ, ಹತ್ತು, ನೂರುಗಳ ಸ್ಥಾನಬೆಲೆ ಅದರಲ್ಲಿಯೇ ತಿಳಿಯುತ್ತದೆ. ಬೇಲಿಯಲ್ಲಿ ಸಿಗುವ ಗುಲಗಂಜಿ ನೋಡಲು ಎಷ್ಟು ಚೆಂದವಾಗಿದ್ದರೂ ಅದನ್ನು ಮಕ್ಕಳ ಕೈಗೆ ಕೊಡಕೂಡದು. ಅಗಿದು ನುಂಗಿದರೆ ಅದರ ವಿಷ ಪ್ರಾಣಕ್ಕೇ ಎರವಾಗಬಲ್ಲದು.

ನಾನು ಮನಸಾರೆ ಹಣ ಕೊಟ್ಟದ್ದು ನಕಾಶೆಗೆ. ಪ್ರಪಂಚದ ನಕಾಶೆ ಆಮೇಲೆ ಬರಲಿ. ಈಗ ಜಗಲಿಯ ಗೋಡೆಯ ಮೇಲಿರುವುದು ಉತ್ತರ ಕನ್ನಡದ 12 ತಾಲ್ಲೂಕುಗಳು. ಶಿರಸಿಯ ಸೀಮೆಯಲ್ಲಿ ಹುಟ್ಟುವ ಅಘನಾಶಿನಿಯ ಮೇಲೆ ಬೆರಳಿಟ್ಟು ಹೊರಟರೆ ಘಟ್ಟವಿಳಿದು ಕುಮಟಾ ತಾಲ್ಲೂಕಿನ ಕಡಲಿಗೆ ತಲುಪಬಹುದು. ಉತ್ತರಕ್ಕೆ ಸೋದರತ್ತೆಯ ಊರಾದ ಕಾರವಾರದ ಬಳಿ ಕಾಳಿ, ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿ. ಇದಕ್ಕೆ ಜೊತೆಯಾಗಿ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಯೊಂದನ್ನು ಸೇರಿಸಬೇಕೆಂದಿದ್ದೇನೆ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್ ಆದ್ದರಿಂದ ಅಜ್ಜನ ಮನೆಯ ದಾರಿಯನ್ನು ದಾರದಿಂದ ಅಳೆಯಬಹುದು.

ಇನ್ನೊಂದು ಫೈಲು ಕಾಗದಪತ್ರಗಳದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಾಲಾ ಶಿಕ್ಷಣದ ಬಗ್ಗೆ ವಿವರವಾಗಿ ಹೇಳಿದರೂ ಮನೆಯಲ್ಲಿಯೇ ಕಲಿಸುವವರನ್ನು ಕುರಿತು ಪ್ರತ್ಯೇಕವಾಗಿ ಏನನ್ನೂ ಹೇಳುವುದಿಲ್ಲ. ಅದರಿಂದ ಶಾಲೆಯ ವರ್ಗಾವಣೆ ಪತ್ರ, ಜನನ ಪ್ರಮಾಣಪತ್ರ, ದಿನಾಂಕ ಹಾಕಿದ ಬರವಣಿಗೆಯ ಹಾಳೆಗಳು ಒಂದೆಡೆ ಇರಲಿ ಎಂದುಕೊಂಡೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರು, ಐದು, ಎಂಟನೆಯ ತರಗತಿಗಳಿಗೆ ಸಮನಾದ ಹಂತಗಳಿವೆ. 14 ತುಂಬಿದವರು ಹತ್ತನೆಯದಕ್ಕೆ ಸಮನಾದ ಪರೀಕ್ಷೆಗೂ ನೋಂದಾಯಿಸಿಕೊಳ್ಳಬಹುದು.

ಪಟ್ಟಿಯಲ್ಲಿ ಇನ್ನೂ ಉಳಿದಿರುವುದು ಎರಡು ತಟ್ಟೆಯ ತಕ್ಕಡಿ. ಪೇಟೆಯಲ್ಲಿ ಈಗ ಅಂಕಿ ತೋರಿಸುವ ಯಂತ್ರಗಳೇ ಹೆಚ್ಚು. ಆದರೆ ಎರಡೂ ಕಡೆ ಸಮವಾಗುವುದನ್ನು ಮಗು ಕಣ್ಣಾರೆ ನೋಡಬೇಕಾದರೆ ಹಳೆಯ ತಕ್ಕಡಿಯೇ ಆಗಬೇಕು. ಮಾವನವರು ಅಡಿಕೆ ತೂಗುತ್ತಿದ್ದ ಚಿಕ್ಕ ತಕ್ಕಡಿ ಉಪ್ಪರಿಗೆಯಲ್ಲಿದೆ, ಒಂದು ಬದಿಯ ಸರಪಳಿ ತುಂಡಾಗಿದೆ. ಮುಂದಿನ ಸಂತೆಗೆ ಹೋದಾಗ ಅದಕ್ಕೆ ಸರಪಳಿಯನ್ನೂ, ನೂರು ಮತ್ತು ಇನ್ನೂರು ಗ್ರಾಮಿನ ತೂಕದ ಬಟ್ಟುಗಳನ್ನೂ ತರಬೇಕು.